‘ಲೋಕಲ್’ ಎಂದರೆ ಯಾರು?

ಮುಂಬಯಿಯ ಮಧ್ಯ ರೈಲ್ವೆಯಲ್ಲಿ ಡೊಂಬಿವಲಿ ಮತ್ತು ಕಲ್ಯಾಣದ ನಡುವೆ ಠಾಕುರ್ಲಿ ಎಂಬ ಸಣ್ಣ ನಿಲ್ದಾಣವಿದೆ. ನಿಧಾನದ ಗಾಡಿಗಳು ಇಲ್ಲಿ ನಿಲ್ಲುತ್ತವೆ, ವೇಗದ ಗಾಡಿಗಳು ನಿಲ್ಲದೆ ಹಾದುಹೋಗುತ್ತವೆ. ಎರಡನ್ನೂ ಜನ ಕರೆಯುವುದು ಲೋಕಲ್ ಎಂದೇ. ಒಂದು ಸ್ಲೋ ಲೋಕಲ್, ಇನ್ನೊಂದು ಫಾಸ್ಟ್ ಲೋಕಲ್. ಮರಾಠಿಯಲ್ಲಿ ಈ ಶಬ್ದ ಸ್ತ್ರೀಲಿಂಗ, ‘ಲೋಕಲ್ ಗೇಲಿ’ ಎನ್ನುತ್ತಾರೆ. ಅದೇ ಪ್ಲಾಟ್‌ಫಾರ್ಮಿನಲ್ಲಿ ನಿಂತ ಕನ್ನಡಿಗರ ಬಾಯಲ್ಲಿ ಅದು ನಪುಂಸಕಲಿಂಗ, ‘ಲೋಕಲ್ ಹೋಯಿತು’. ಎರಡೂ ಭಾಷೆಯಲ್ಲಿ ಅದೊಂದು ವಾಹನದ ಹೆಸರು.

ಇದೇ ಶಬ್ದ ಕರ್ನಾಟಕದೊಳಗೆ ಬಂದರೆ ಬೇರೆ ಬೇರೆ ಕೆಲಸ ಮಾಡುತ್ತದೆ. ಎರಡು ವಾರದಲ್ಲಿ ಕೆಟ್ಟುಹೋದ ಚಾರ್ಜರ್ ‘ಲೋಕಲ್ ಮಾಲು’. ಒರಟಾಗಿ ಮಾತಾಡುವವನು ‘ತುಂಬಾ ಲೋಕಲ್’. ಜಗಳದಲ್ಲಿ ‘ನಾನು ಇಲ್ಲಿ ಲೋಕಲ್’ ಎಂದರೆ ಅದು ಎಚ್ಚರಿಕೆ. ಸಿನಿಮಾದ ಭಾಷೆಯಲ್ಲಿ ‘ಪಕ್ಕಾ ಲೋಕಲ್’ ಎಂದರೆ ಹೆಮ್ಮೆ. ಕೈಗೆ ಗಾಯವಾಗಿ ಆಸ್ಪತ್ರೆಗೆ ಹೋದರೆ ‘ಲೋಕಲ್ ಕೊಟ್ಟು ಹೊಲಿಗೆ ಹಾಕಿದರು’. ಇನ್ನು ಸರ್ಕಾರಿ ನೇಮಕಾತಿಯ ಪ್ರಕಟಣೆಯಲ್ಲಿ ‘ಲೋಕಲ್ ಕ್ಯಾಂಡಿಡೇಟ್’ ಎಂಬ ಮಾತು ಬಂದರೆ ಅದು ಹಕ್ಕು.

ವಾಹನ, ಬೈಗುಳ, ಹೆಮ್ಮೆ, ಇಂಜೆಕ್ಷನ್, ಹಕ್ಕು ಇಷ್ಟಕ್ಕೂ ಒಂದೇ ಶಬ್ದ. ಮೊದಲ ನಾಲ್ಕರಿಂದ ಯಾರಿಗೂ ದೊಡ್ಡ ತೊಂದರೆಯಿಲ್ಲ. ಐದನೆಯದು ಯಾರಿಗೆ ಕೆಲಸ ಸಿಗಬೇಕು, ಯಾರಿಗೆ ಸಿಗಬಾರದು ಎಂಬುದನ್ನು ತೀರ್ಮಾನಿಸುತ್ತದೆ. ಆದ್ದರಿಂದ ಈ ಶಬ್ದ ಎಲ್ಲಿಂದ ಬಂತು, ಏನೇನು ಹೊತ್ತು ತಂದಿತು ಎಂದು ನೋಡುವುದು ಬರೀ ನಿಘಂಟಿನ ಕುತೂಹಲವಲ್ಲ.

*

ಲ್ಯಾಟಿನ್ ಭಾಷೆಯಲ್ಲಿ ‘ಲೋಕಸ್’ ಎಂದರೆ ಜಾಗ, ಸ್ಥಳ. ಅದರಿಂದ ‘ಲೊಕಾಲಿಸ್’, ಅಂದರೆ ಸ್ಥಳಕ್ಕೆ ಸಂಬಂಧಿಸಿದ್ದು. ಹಳೆಯ ಫ್ರೆಂಚಿನ ಮೂಲಕವೂ ನೇರವಾಗಿ ಲ್ಯಾಟಿನ್ನಿನಿಂದಲೂ ಅದು 14ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂತು. ಬಂದದ್ದು ಊರು ಕೇರಿಗಳ ಮಾತಾಗಿ ಅಲ್ಲ, ವೈದ್ಯರ ಮಾತಾಗಿ. ನೋವು ಇಡೀ ಮೈಯಲ್ಲಿದೆಯೋ ಒಂದೇ ಭಾಗದಲ್ಲಿದೆಯೋ ಎಂದು ಗುರುತಿಸುವುದಕ್ಕೆ ಆ ಕಾಲದ ವೈದ್ಯಗ್ರಂಥಗಳು ‘ಲೋಕಲ್’ ಎಂಬ ವಿಶೇಷಣವನ್ನು ಬಳಸಿದವು. ಮೈಯ ಒಂದು ಜಾಗಕ್ಕೆ ಹಚ್ಚುವ ಮದ್ದಿಗೂ ಅದೇ ಹೆಸರಾಯಿತು. 1884ರಲ್ಲಿ ವಿಯೆನ್ನಾದ ವೈದ್ಯ ಕಾರ್ಲ್ ಕೊಲ್ಲರ್ ಕೊಕೇನ್ ದ್ರಾವಣವನ್ನು ಕಣ್ಣಿಗೆ ಹಾಕಿ, ರೋಗಿ ಎಚ್ಚರವಾಗಿರುವಾಗಲೇ ಕಣ್ಣಿನ ಶಸ್ತ್ರಚಿಕಿತ್ಸೆ ಸಾಧ್ಯ ಎಂದು ತೋರಿಸಿದ. ಲೋಕಲ್ ಅನಸ್ತೇಸಿಯಾ ಆಸ್ಪತ್ರೆಗಳಲ್ಲಿ ನೆಲೆಯೂರಿದ್ದು ಅಲ್ಲಿಂದ. ‘ಲೋಕಲ್ ಕೊಟ್ಟರು’ ಎನ್ನುವ ನಮ್ಮ ತಾಲ್ಲೂಕು ಆಸ್ಪತ್ರೆಯ ಮಾತು ಹೊಸದಾಗಿ ಕೇಳಿಸಿದರೂ ಶಬ್ದದ ಅತ್ಯಂತ ಹಳೆಯ ಅರ್ಥ ಉಳಿದಿರುವುದು ಅಲ್ಲಿಯೇ.

ಲೋಕಸ್‌ನ ಸಂತಾನ ದೊಡ್ಡದು. ಲೊಕೇಶನ್ ಅದರದೇ. ಫ್ರೆಂಚಿನಲ್ಲಿ ಲೋಕಸ್ ಸವೆದು ‘ಲ್ಯೂ’ ಆಯಿತು, ಅದರಿಂದ ಬಂದದ್ದು ಲೆಫ್ಟಿನೆಂಟ್, ಅಂದರೆ ಇನ್ನೊಬ್ಬನ ಸ್ಥಾನದಲ್ಲಿ ನಿಂತವನು. ಎಲ್ಲಕ್ಕಿಂತ ಸ್ವಾರಸ್ಯದ ಮಗು ‘ಲೊಕೊಮೋಟಿವ್’, ಅಂದರೆ ರೈಲಿನ ಇಂಜಿನ್. ಜಾಗದಿಂದ ಜಾಗಕ್ಕೆ ಚಲಿಸುವುದು ಎಂಬುದು ಅದರ ಅಕ್ಷರಾರ್ಥ. ಹುಬ್ಬಳ್ಳಿಯ ಲೋಕೋ ಶೆಡ್, ಗಾಡಿ ನಡೆಸುವ ಲೋಕೋ ಪೈಲಟ್, ಠಾಕುರ್ಲಿಯ ಲೋಕಲ್ ಎಲ್ಲವೂ ಒಂದೇ ಬೇರಿನವು.

ಮಧ್ಯಯುಗದ ಯುರೋಪಿನ ವಿದ್ವಾಂಸರಿಗೆ ‘ಲೋಕಲ್ ಚಲನೆ’ ಎಂಬುದು ಭೌತಶಾಸ್ತ್ರದ ಪರಿಭಾಷೆಯಾಗಿತ್ತು. ಹಣ್ಣು ಮಾಗುವುದು, ನೀರು ಬಿಸಿಯಾಗುವುದು ಕೂಡ ಅವರ ಲೆಕ್ಕದಲ್ಲಿ ಒಂದು ಬಗೆಯ ಚಲನೆಯೇ. ಅವುಗಳಿಂದ ಬೇರ್ಪಡಿಸಲು, ಒಂದು ಜಾಗ ಬಿಟ್ಟು ಇನ್ನೊಂದಕ್ಕೆ ಹೋಗುವುದನ್ನು ಲೋಕಲ್ ಚಲನೆ ಎನ್ನುತ್ತಿದ್ದರು. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ಕೊನೆಯ ದೊಡ್ಡ ಗ್ರಂಥದ ಶೀರ್ಷಿಕೆಯಲ್ಲೇ ಈ ಮಾತಿದೆ. ಹೀಗೆ ಲೋಕಲ್ ಎಂಬ ಶಬ್ದಕ್ಕೆ ಇದ್ದಲ್ಲೇ ಇರುವುದು ಎಂಬ ಅರ್ಥದಷ್ಟೇ ಇದ್ದಲ್ಲಿಂದ ಹೊರಡುವುದು ಎಂಬ ಅರ್ಥವೂ ಹಳೆಯದು. ಮುಂದೆ ಮೊದಲನೆಯದು ಉಳಿದು ಎರಡನೆಯದು ಮರೆಯಿತು.

‘ಒಂದು ಊರಿನ ನಿವಾಸಿ’ ಎಂಬ ಅರ್ಥದಲ್ಲಿ ಲೋಕಲ್ ನಾಮಪದವಾದದ್ದು 19ನೇ ಶತಮಾನದಲ್ಲಿ. ದಾರಿಯ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ರೈಲು ಎಂಬ ಅರ್ಥ ಬಂದದ್ದೂ ಅದೇ ಶತಮಾನದ ಉತ್ತರಾರ್ಧದಲ್ಲಿ. ಬ್ರಿಟನ್ನಿನಲ್ಲಿ ಮನೆಗೆ ಹತ್ತಿರದ ಹೆಂಡದಂಗಡಿಗೆ ‘ಲೋಕಲ್’ ಎನ್ನುವ ರೂಢಿ 20ನೇ ಶತಮಾನದ್ದು.

*

ಅಮೆರಿಕದ ರೈಲಿನ ಭಾಷೆಯಲ್ಲಿ ಲೋಕಲ್ ಎಂಬುದು ಎಕ್ಸ್‌ಪ್ರೆಸ್ಸಿಗೆ ವಿರುದ್ಧ ಪದ. ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಇವತ್ತಿಗೂ ಹಾಗೇ: ಎಲ್ಲ ಕಡೆ ನಿಂತರೆ ಲೋಕಲ್, ಬಿಟ್ಟು ಬಿಟ್ಟು ನಿಂತರೆ ಎಕ್ಸ್‌ಪ್ರೆಸ್. ಆ ಲೆಕ್ಕದಲ್ಲಿ ‘ಫಾಸ್ಟ್ ಲೋಕಲ್’ ಎಂಬ ಮಾತೇ ವಿರೋಧಾಭಾಸ. ಮುಂಬಯಿಗರಿಗೆ ಅದು ಹಾಗೆ ತೋರುವುದಿಲ್ಲ. ಪರವೂರಿಗೆ ಹೋಗುವ ಮೇಲ್, ಎಕ್ಸ್‌ಪ್ರೆಸ್ ಗಾಡಿಗಳು ಒಂದು ಕಡೆ, ದಿನದ ದುಡಿಮೆಗೆ ಹೋಗಿಬರುವ ಗಾಡಿಗಳೆಲ್ಲ ಇನ್ನೊಂದು ಕಡೆ. ಎರಡನೆಯ ಗುಂಪಿಗೆ ಲೋಕಲ್ ಎಂಬ ಹೆಸರು ನಿಂತಿತು. ಈ ಲೋಕಲ್ ಕಸಾರಾದವರೆಗೆ ಸುಮಾರು 120 ಕಿ.ಮೀ. ಓಡುತ್ತದೆ. ಬೆಂಗಳೂರಿನಿಂದ ಹೊರಟು ಮಂಡ್ಯ ದಾಟಿ ಮುಂದೆ ಹೋದಷ್ಟು ದೂರ. ಒಂದು ಜಾಗಕ್ಕೆ ಸೀಮಿತ ಎಂಬ ಅರ್ಥದ ಶಬ್ದ ಮುಂಬಯಿಯಲ್ಲಿ ಅಷ್ಟು ದೂರ ಹಿಗ್ಗಿತು.

ಈ ಹಿಗ್ಗುವಿಕೆಗೆ ಇತಿಹಾಸವಿದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ಮರುವರ್ಷ, 1854ರ ಮೇ ತಿಂಗಳಲ್ಲಿ ಹಳಿ ಕಲ್ಯಾಣ ಮುಟ್ಟಿತು. ಠಾಕುರ್ಲಿಯ ಗದ್ದೆಗಳ ನಡುವೆ ಗಾಡಿ ಓಡತೊಡಗಿತು. 1925ರ ಫೆಬ್ರುವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ರೈಲು ಹೊರಟಿತು. ವಿದ್ಯುತ್ ಹಳಿಗಳು ಘಟ್ಟದ ಕಡೆಗೆ ಬೆಳೆದಂತೆ ಜಿಐಪಿ ರೈಲ್ವೆ ಠಾಕುರ್ಲಿಯ ಪಕ್ಕದ ಚೋಳೆಯಲ್ಲಿ ಕಲ್ಲಿದ್ದಲಿನ ವಿದ್ಯುತ್ ಕೇಂದ್ರ ಕಟ್ಟಿಸಿತು. ಆ ಚೋಳಾ ಪವರ್ ಹೌಸ್ ನಿಂತುಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಜನರ ಬಾಯಲ್ಲಿದೆ.

ರೈಲು ಬಂದಾಗ ಕಳೆದುಹೋದದ್ದೂ ಒಂದು ಲೋಕಲ್. ಅದು ಲೋಕಲ್ ಟೈಮ್. ಅದಕ್ಕೂ ಮೊದಲು ಪ್ರತಿ ಊರಿಗೂ ಅದರದೇ ಮಧ್ಯಾಹ್ನವಿತ್ತು, ಸೂರ್ಯ ನೆತ್ತಿಗೆ ಬಂದಾಗ ಹನ್ನೆರಡು. ಗಾಡಿಗಳ ವೇಳಾಪಟ್ಟಿ ಹಾಕಲು ಅದು ಆಗದ ಮಾತು. ಹಾಗಾಗಿ ರೈಲ್ವೆಗಳು ಮದ್ರಾಸಿನ ಕಾಲಮಾನವನ್ನು ದೇಶವಿಡೀ ಬಳಸಿದವು. 1906ರಲ್ಲಿ ಭಾರತೀಯ ಪ್ರಮಾಣ ಕಾಲಮಾನ ಜಾರಿಗೆ ಬಂತು. ಅದು ಮುಂಬಯಿಯ ಸ್ವಂತ ಹೊತ್ತಿಗಿಂತ ಸುಮಾರು 39 ನಿಮಿಷ ಮುಂದಿತ್ತು. ಮುಂಬಯಿ ಒಪ್ಪಲಿಲ್ಲ. ಗಿರಣಿ ಕಾರ್ಮಿಕರು ಪ್ರತಿಭಟಿಸಿದರು, ನಗರಪಾಲಿಕೆ 1955ರವರೆಗೂ ತನ್ನ ‘ಬಾಂಬೆ ಟೈಮ್’ ಹಿಡಿದುಕೊಂಡೇ ಇತ್ತು. ಲೋಕಲ್ ಎಂದು ಹೆಸರಾದ ಗಾಡಿಗಳು ಓಡುತ್ತಿದ್ದ ನಗರದಲ್ಲೇ ಲೋಕಲ್ ಕಾಲಕ್ಕಾಗಿ ಅರ್ಧ ಶತಮಾನ ಹಠ ನಡೆಯಿತು.

*

ಈ ಶಬ್ದ ಕನ್ನಡದ ಹಳ್ಳಿಗಳನ್ನು ಮುಟ್ಟಿದ್ದು ರೈಲಿನಿಂದಲ್ಲ, ಕಚೇರಿಯಿಂದ. ವೈಸ್‌ರಾಯ್ ಲಾರ್ಡ್ ರಿಪನ್ 1882ರಲ್ಲಿ ಸ್ಥಳೀಯ ಸ್ವಯಂ ಆಡಳಿತದ ಗೊತ್ತುವಳಿ ಹೊರಡಿಸಿದ. ಅದರ ಬೆನ್ನಿಗೇ 1884ರಲ್ಲಿ ಮುಂಬಯಿ ಮತ್ತು ಮದ್ರಾಸು ಎರಡೂ ಪ್ರಾಂತ್ಯಗಳಲ್ಲಿ ಲೋಕಲ್ ಬೋರ್ಡ್ ಕಾಯಿದೆಗಳು ಬಂದವು. ಆಗ ಠಾಣೆ, ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳೆಲ್ಲ ಒಂದೇ ಮುಂಬಯಿ ಪ್ರಾಂತ್ಯ, ಒಂದೇ ಕಾಯಿದೆ. ಮಂಗಳೂರು, ಬಳ್ಳಾರಿ ಕಡೆಗೆ ಮದ್ರಾಸಿನ ಕಾಯಿದೆ. ರಸ್ತೆ, ಬಾವಿ, ಶಾಲೆ, ದವಾಖಾನೆಗಳು ಈ ಬೋರ್ಡುಗಳ ಪಾಲಿಗೆ ಬಂದವು. ಕರಾವಳಿಯ ಹಿರಿಯರು ‘ಬೋರ್ಡ್ ಶಾಲೆ’ ಎನ್ನುವುದು, ಉತ್ತರದ ಹಿರಿಯರು ‘ಲೋಕಲ್ ಬೋರ್ಡ್’ ಎನ್ನುವುದು ಈ ಕಾಲದ ನೆನಪು.

ಅಧಿಕಾರ ಹಂಚುವಂತೆ ಕಂಡ ಈ ವ್ಯವಸ್ಥೆಯಲ್ಲಿ ಒಂದು ಮಿತಿಯೂ ಇತ್ತು. ಲೋಕಲ್ ಎಂದರೆ ಚಿಕ್ಕದು, ಕೆಳಗಿನದು. ಸೈನ್ಯ, ತೆರಿಗೆ, ಕಾನೂನು ಸರ್ಕಾರದ್ದು. ಚರಂಡಿ ಮತ್ತು ಬಾವಿ ಲೋಕಲ್. ಪೇಟೆಯಲ್ಲೂ ಹೀಗೇ ಆಯಿತು: ಹೊರಗಿನಿಂದ ಬಂದದ್ದು ಒಳ್ಳೆಯ ಮಾಲು, ಇಲ್ಲಿ ಮಾಡಿದ್ದು ಲೋಕಲ್. ‘ಲೋಕಲ್ ಚಾರ್ಜರ್’ ಎನ್ನುವಾಗಿನ ತಾತ್ಸಾರ ಈ ದಾರಿಯದ್ದು. ಸ್ವದೇಶಿ ಚಳವಳಿ ಅದನ್ನು ತಿರುಗಿಸಲು ನೋಡಿತು. 2020ರ ಮೇ ತಿಂಗಳಲ್ಲಿ ಪ್ರಧಾನಿ ‘ವೋಕಲ್ ಫಾರ್ ಲೋಕಲ್’ ಎಂದು ಕರೆ ಕೊಟ್ಟಾಗ ಮಾಡಿದ್ದೂ ಅದೇ ಪ್ರಯತ್ನ.

ರಿಪನ್ನನ ಲೋಕಲ್‌ಗೆ ಮರಾಠಿಯಲ್ಲಿ ‘ಸ್ಥಾನಿಕ’, ಹಿಂದಿಯಲ್ಲಿ ‘ಸ್ಥಾನೀಯ’, ಕನ್ನಡದಲ್ಲಿ ‘ಸ್ಥಳೀಯ’ ಎಂಬ ಪದಗಳು ನಿಂತವು. ಕನ್ನಡದಲ್ಲಿ ಸ್ಥಾನಿಕ ಎಂಬ ಪದ ಆಗಲೇ ದೇವಸ್ಥಾನದ ಆಡಳಿತಗಾರನಿಗೆ ಮೀಸಲಾಗಿತ್ತು. ಸ್ಥಲ ಎಂಬ ಶಬ್ದಕ್ಕೂ ನಮ್ಮಲ್ಲಿ ದೊಡ್ಡ ಸಂಸಾರವಿದೆ. ಪ್ರತಿ ಕ್ಷೇತ್ರಕ್ಕೆ ಸ್ಥಳಪುರಾಣವುಂಟು. ಶರಣರ ಷಟ್‌ಸ್ಥಲದಲ್ಲಿ ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಸಾಗಬೇಕು. ಅಲ್ಲಿ ಸ್ಥಲವೆಂದರೆ ನಿಂತುಬಿಡುವ ಜಾಗವಲ್ಲ, ದಾಟುವ ಮೆಟ್ಟಿಲು.

ಠಾಕುರ್ಲಿಯಿರುವ ಜಿಲ್ಲೆಯ ಹೆಸರೂ ಇಲ್ಲಿ ನೆನಪಾಗಬೇಕು. ಠಾಣೆಯ ಹಳೆಯ ಹೆಸರು ಶಾಸನಗಳಲ್ಲಿ ಶ್ರೀಸ್ಥಾನಕ. ಸ್ಥಾನಕ ಎಂದರೂ ಜಾಗವೇ. ಲೋಕಸ್ ಶಬ್ದಕ್ಕೆ ಸಂಸ್ಕೃತದಲ್ಲಿ ಇದಕ್ಕಿಂತ ಒಳ್ಳೆಯ ಅನುವಾದ ಸಿಗುವುದು ಕಷ್ಟ. ಅಲ್ಲಿಂದ ಉತ್ತರ ಕೊಂಕಣವನ್ನು ಆಳಿದವರು ಶಿಲಾಹಾರರು. ಅವರು ಮೊದಲಿಗೆ ಮಾನ್ಯಖೇಟದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ ರಾಷ್ಟ್ರಕೂಟರ ಸಾಮಂತರು. ತಮ್ಮ ಬಿರುದಿನಲ್ಲಿ ಅವರು ಹೇಳಿಕೊಂಡದ್ದು ‘ತಗರಪುರದ ಒಡೆಯರು’ ಎಂದು. ತಗರ ಎಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್. ಸ್ಥಾನಕ ಎಂಬ ಊರಿನಲ್ಲಿ ಕೂತು ತಲೆಮಾರುಗಟ್ಟಲೆ ಆಳಿದವರು ತಮ್ಮ ಮೂಲ ಬೇರೆ ಕಡೆಯದು ಎಂದು ಶಾಸನದಲ್ಲಿ ಹೆಮ್ಮೆಯಿಂದ ಕೆತ್ತಿಸಿದರು. ಹೊರಗಿನಿಂದ ಬಂದದ್ದು ಆಗ ಮುಚ್ಚಿಡುವ ವಿಷಯವಾಗಿರಲಿಲ್ಲ.

ಹಾಗಾದರೆ ಈ ಭಾಗದ ಮೂಲ ಸ್ಥಳೀಯರು ಯಾರು? ಭತ್ತದ ಗದ್ದೆ, ಉಪ್ಪಿನ ಪಾತಿ, ಖಾಡಿಯ ಮೀನು ಇವುಗಳ ಮೇಲೆ ಬದುಕಿದ ಆಗ್ರಿ ಮತ್ತು ಕೋಳಿ ಸಮುದಾಯದವರು ಎಂದು ಎಲ್ಲರೂ ಒಪ್ಪುತ್ತಾರೆ. ಅವರ ಆಗ್ರಿ ಮಾತು ಪುಣೆಯ ಮರಾಠಿಗಿಂತ ಬೇರೆ. ನಗರ ಅವರ ಗದ್ದೆಯ ಮೇಲೆ ಬೆಳೆಯಿತು. ನವಿ ಮುಂಬಯಿ ಕಟ್ಟಲು 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ ಭೂಸ್ವಾಧೀನ ನಡೆಯಿತು. ದಿ. ಬಾ. ಪಾಟೀಲರ ಮುಂದಾಳ್ತನದಲ್ಲಿ ರೈತರು ತಿರುಗಿಬಿದ್ದರು. 1984ರ ಜನವರಿಯಲ್ಲಿ ಉರಣ್ ಭಾಗದಲ್ಲಿ ನಡೆದ ಗೋಲಿಬಾರಿನಲ್ಲಿ ರೈತರು ಸತ್ತರು. ಆಮೇಲೆ, ಕಳೆದುಕೊಂಡ ಭೂಮಿಗೆ ಪ್ರತಿಯಾಗಿ ಅಭಿವೃದ್ಧಿಪಡಿಸಿದ ನಿವೇಶನವಾಗಿ ಶೇ 12.5ರಷ್ಟನ್ನು ಹಿಂದಿರುಗಿಸುವ ಯೋಜನೆ ಬಂತು. ಕಲ್ಯಾಣ–ಡೊಂಬಿವಲಿಯ ಸುತ್ತಲಿನ 27 ಹಳ್ಳಿಗಳು 1983ರಲ್ಲಿ ಪಾಲಿಕೆಗೆ ಸೇರಿ, 2002ರಲ್ಲಿ ಹೊರಬಂದು, 2015ರಲ್ಲಿ ಮತ್ತೆ ಸೇರಿದವು. ಅಲ್ಲಿನವರ ಬೇಡಿಕೆ ತಮ್ಮದೇ ಸ್ಥಳೀಯ ಸಂಸ್ಥೆ ಬೇಕು ಎಂಬುದು. ಮುಂಬಯಿಯಲ್ಲಿ ‘ಸ್ಥಾನಿಕರ ಹಕ್ಕು’ ಎಂಬ ಘೋಷಣೆ ಎದ್ದಾಗಲೆಲ್ಲ ಅದರ ಮುಂಚೂಣಿಯಲ್ಲಿ ಕೇಳಿಸಿದ್ದು ಕಚೇರಿಯ ಗುಮಾಸ್ತಗಿರಿಯ ಮಾತು. ಈ ಗದ್ದೆಗಳ ಮಾತು ಕೇಳಿಸಿದ್ದು ಕಡಿಮೆ.

*

ಆ ಘೋಷಣೆ ಸಂಘಟಿತ ರೂಪ ಪಡೆದದ್ದು 1966ರ ಜೂನ್ 19ರಂದು, ಶಿವಸೇನೆಯ ಹುಟ್ಟಿನೊಂದಿಗೆ. ಅದರ ಮೊದಲ ಗುರಿ ದಕ್ಷಿಣದವರು. ಬಾಳ್ ಠಾಕ್ರೆಯವರ ‘ಮಾರ್ಮಿಕ್’ ವಾರಪತ್ರಿಕೆ ಕಂಪನಿಗಳಲ್ಲಿ ಕೆಲಸ ಮಾಡುವ ದಕ್ಷಿಣದವರ ಹೆಸರುಗಳ ಪಟ್ಟಿಗಳನ್ನು ಅಚ್ಚು ಹಾಕಿತು. ತಮಿಳರು, ಮಲಯಾಳಿಗಳು, ತುಳುವರು, ಕನ್ನಡಿಗರು ಎಲ್ಲರಿಗೂ ಬಿದ್ದ ಹೆಸರು ಒಂದೇ: ಮದ್ರಾಸಿ. ಉಡುಪಿ ಹೋಟೆಲುಗಳಿಗೂ ಬಿಸಿ ತಟ್ಟಿತು.

ಇದರಲ್ಲಿ ಇತಿಹಾಸದ ಒಂದು ಅಣಕವಿದೆ. ಅದಕ್ಕೂ ಮುಕ್ಕಾಲು ಶತಮಾನ ಮೊದಲು, ‘ಮದ್ರಾಸಿಗಳು ನಮ್ಮ ಕೆಲಸ ಕಸಿದುಕೊಂಡರು’ ಎಂಬ ದೂರು ಎದ್ದದ್ದು ಮೈಸೂರು ಸಂಸ್ಥಾನದಲ್ಲಿ. 1881ರ ನಂತರದ ಮೊದಲ ಇಬ್ಬರು ದಿವಾನರಾದ ರಂಗಾಚಾರ್ಲು ಮತ್ತು ಶೇಷಾದ್ರಿ ಅಯ್ಯರ್ ಮದ್ರಾಸು ಪ್ರಾಂತ್ಯದಿಂದ ಬಂದವರು. ದೊಡ್ಡ ಹುದ್ದೆಗಳಲ್ಲಿ ಅಲ್ಲಿಯವರೇ ತುಂಬಿದ್ದಾರೆ ಎಂದು ಅಸಮಾಧಾನ ಬೆಳೆದು ‘ಮೈಸೂರು ಮೈಸೂರಿನವರಿಗೆ’ ಎಂಬ ಕೂಗಾಯಿತು. ದೂರಿನಲ್ಲಿ ಹುರುಳಿರಲಿಲ್ಲ ಎನ್ನಲಾಗದು. ಪ್ರಜಾಪ್ರತಿನಿಧಿ ಸಭೆ, ಶಿವನಸಮುದ್ರದ ವಿದ್ಯುತ್ ಯೋಜನೆ ಆ ಹೊರಗಿನವರ ಕಾಲದಲ್ಲೇ ಬಂದವು ಎಂಬುದೂ ಸುಳ್ಳಲ್ಲ. ಕನ್ನಡದ ಇನ್ನೊಂದು ಅಂಚಿನಲ್ಲಿ, ಕಲಬುರಗಿ, ಬೀದರ್, ರಾಯಚೂರುಗಳನ್ನು ಒಳಗೊಂಡ ಹೈದರಾಬಾದ್ ಸಂಸ್ಥಾನದಲ್ಲಿ, ಉತ್ತರ ಭಾರತದಿಂದ ಬಂದ ಅಧಿಕಾರಿಗಳ ವಿರುದ್ಧ ‘ಮುಲ್ಕಿ’ ಎಂಬ ಪದ ಹುಟ್ಟಿತು. ಮುಲ್ಕ್ ಎಂದರೆ ನಾಡು, ಮುಲ್ಕಿ ಎಂದರೆ ನಾಡಿನವನು, ಉಳಿದವರು ಗೈರ್‌ಮುಲ್ಕಿ.

ನಾಡಿನವನು ಯಾರು ಎಂದು ಗುರುತಿಸುವುದು ಹೇಗೆ? 1919ರ ನಿಜಾಮರ ಫರ್ಮಾನು ಕೊಟ್ಟ ಉತ್ತರ: 15 ವರ್ಷ ಇಲ್ಲಿ ನೆಲೆಸಿದ್ದರೆ ಮುಲ್ಕಿ. ಅಲ್ಲಿಂದ ಮುಂದೆ ಈ ಪ್ರಶ್ನೆಗೆ ಬಂದ ಉತ್ತರಗಳನ್ನು ಸಾಲಾಗಿ ಇಟ್ಟರೆ ಒಂದು ವಿಷಯ ಕಾಣುತ್ತದೆ. ಆಂಧ್ರಪ್ರದೇಶಕ್ಕೆ 1975ರಲ್ಲಿ ಹೊರಟ ರಾಷ್ಟ್ರಪತಿ ಆದೇಶದಲ್ಲಿ ಲೋಕಲ್ ಎನಿಸಲು ಆ ಭಾಗದಲ್ಲಿ 4 ವರ್ಷ ಓದಿರಬೇಕು ಅಥವಾ ವಾಸವಿರಬೇಕು. ಹೈದರಾಬಾದ್ ಕರ್ನಾಟಕಕ್ಕೆ 371(ಜೆ) ವಿಧಿ ಬಂದ ಮೇಲೆ 2013ರ ನಿಯಮಗಳಲ್ಲಿ ಅಲ್ಲಿ ಹುಟ್ಟಿರಬೇಕು ಅಥವಾ 10 ವರ್ಷ ನೆಲೆಸಿರಬೇಕು. ಮಹಾರಾಷ್ಟ್ರದ ಡೊಮಿಸೈಲ್ ಪತ್ರಕ್ಕೆ 15 ವರ್ಷ. ಕರ್ನಾಟಕದಲ್ಲಿ ಸರೋಜಿನಿ ಮಹಿಷಿ ಸಮಿತಿ 1980ರ ದಶಕದಲ್ಲಿ ಕನ್ನಡಿಗ ಯಾರು ಎಂದು ಹೇಳುವಾಗಲೂ 15 ವರ್ಷದ ವಾಸ, ಜೊತೆಗೆ ಕನ್ನಡದ ಓದು ಬರಹ. ಲೋಕಲ್ ಎಂಬುದು ಜಾಗದ ಮಾತು. ಆದರೆ ಕಾನೂನು ಅದನ್ನು ಹಿಡಿಯಲು ಹೊರಟಾಗಲೆಲ್ಲ ಜಾಗದ ಬದಲು ವರ್ಷಗಳನ್ನು ಎಣಿಸಿದೆ. ಹದಿನಾಲ್ಕನೆಯ ವರ್ಷದಲ್ಲಿ ಹೊರಗಿನವನು, ಹದಿನೈದರಲ್ಲಿ ಒಳಗಿನವನು. ಗಡಿ ಎಲ್ಲೋ ಹಾಕಲೇಬೇಕು. ಎಲ್ಲಿ ಹಾಕಿದರೂ ಅದು ಮನುಷ್ಯರು ಹಾಕಿದ ಗೆರೆಯೇ, ನೆಲದಲ್ಲಿ ಮೊದಲೇ ಇದ್ದ ಗೆರೆಯಲ್ಲ.

ಸಂವಿಧಾನ ಬರೆದವರಿಗೆ ಈ ಇಕ್ಕಟ್ಟು ತಿಳಿದಿತ್ತು. ಸರ್ಕಾರಿ ಕೆಲಸದಲ್ಲಿ ವಾಸಸ್ಥಳದ ಕಾರಣಕ್ಕೆ ಭೇದ ಮಾಡಬಾರದು ಎನ್ನುತ್ತದೆ 16(2)ನೇ ವಿಧಿ. ವಿನಾಯಿತಿ ಕೊಡುವ ಅಧಿಕಾರವನ್ನು ಅದರ ಮುಂದಿನ ಉಪವಿಧಿ ರಾಜ್ಯಗಳಿಗೆ ಕೊಡದೆ ಸಂಸತ್ತಿಗೆ ಮಾತ್ರ ಕೊಟ್ಟಿದೆ. ದೇಶದಲ್ಲಿ ಇರುವುದು ಒಂದೇ ಡೊಮಿಸೈಲ್, ಅದು ಭಾರತದ್ದು ಎಂದು ಸುಪ್ರೀಂ ಕೋರ್ಟ್ 1984ರ ಪ್ರದೀಪ್ ಜೈನ್ ಪ್ರಕರಣದಲ್ಲಿ ಹೇಳಿತು. ಖಾಸಗಿ ಕೆಲಸಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ತಂದ ಹರಿಯಾಣದ ಕಾಯಿದೆಯನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರಿನಲ್ಲಿ ರದ್ದುಗೊಳಿಸಿತು.

ಮರುವರ್ಷ ಕರ್ನಾಟಕದ ಸರದಿ. 2024ರ ಜುಲೈಯಲ್ಲಿ ಸಚಿವ ಸಂಪುಟ ಒಪ್ಪಿದ ಮಸೂದೆ, ಖಾಸಗಿ ಉದ್ದಿಮೆಗಳ ಆಡಳಿತ ವರ್ಗದ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಲೋಕಲ್ ಕ್ಯಾಂಡಿಡೇಟ್‌ಗಳಿಗೆ ಎಂದಿತು. ಉದ್ಯಮಗಳ ವಿರೋಧ ಎದ್ದು ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಗದ್ದಲದಲ್ಲಿ ಅದರ ವ್ಯಾಖ್ಯೆಯ ಕಡೆಗೆ ಹೆಚ್ಚು ಗಮನ ಹೋಗಲಿಲ್ಲ. ಲೋಕಲ್ ಎನಿಸಲು ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ನೆಲೆಸಿರಬೇಕು, ಕನ್ನಡ ಮಾತಾಡಲು, ಓದಲು, ಬರೆಯಲು ಬರಬೇಕು. ಮೂರೂ ಬೇಕು.

ಈ ಅಳತೆಗೋಲನ್ನು ಠಾಕುರ್ಲಿ, ಡೊಂಬಿವಲಿಯ ಕನ್ನಡ ಮನೆಗಳ ಮುಂದೆ ಹಿಡಿದು ನೋಡಬೇಕು. ಅಲ್ಲಿ ಹುಟ್ಟಿದ ಹುಡುಗಿ ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ ಆಡುತ್ತ ಬೆಳೆಯುತ್ತಾಳೆ. ಮಹಾರಾಷ್ಟ್ರದ ಕಾಗದದಲ್ಲಿ 15 ವರ್ಷದ ಲೆಕ್ಕದಿಂದ ಅವಳು ಸ್ಥಾನಿಕಳು, ಬೀದಿಯ ಕೆಲವರ ಕಣ್ಣಿಗೆ ಮದ್ರಾಸಿ. ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶ ನಿಯಮಗಳಲ್ಲಿ ‘ಹೊರನಾಡು ಕನ್ನಡಿಗ’ ಎಂಬ ಕಿಟಕಿಯಿದೆ, ಕನ್ನಡದ ಪರೀಕ್ಷೆ ಪಾಸಾದರೆ ಅದು ತೆರೆಯುತ್ತದೆ. ಅದೇ ಹುಡುಗಿ ಓದು ಮುಗಿಸಿ ಕೆಲಸ ಕೇಳಿದರೆ 2024ರ ಮಸೂದೆಯ ಪ್ರಕಾರ ಲೋಕಲ್ ಅಲ್ಲ, ಏಕೆಂದರೆ ಹುಟ್ಟಿದ ಜಾಗ ತಪ್ಪು. ಕನ್ನಡಿಗರ ರಕ್ಷಣೆಗೆಂದು ಬರೆದ ವ್ಯಾಖ್ಯೆ ಕನ್ನಡಿಗಳೊಬ್ಬಳನ್ನು ಹೊರಗೆ ನಿಲ್ಲಿಸುತ್ತದೆ.

ಸ್ಥಳೀಯರ ಬೇಡಿಕೆ ಸುಳ್ಳು ಎಂದು ಇದರ ಅರ್ಥವಲ್ಲ. ಗದ್ದೆ ಕಳೆದುಕೊಂಡ ಆಗ್ರಿ ರೈತನಿಗೂ, ತನ್ನೂರಿನ ಕಾರ್ಖಾನೆಯ ಗೇಟಿನಲ್ಲಿ ಕೆಲಸ ಸಿಗದೆ ನಿಂತ ಯಾದಗಿರಿಯ ಹುಡುಗನಿಗೂ ನ್ಯಾಯ ಬೇಕು. ಅವರ ನಷ್ಟ ಏನೆಂದು ಹೆಸರಿಟ್ಟು ಹೇಳಬಹುದು: ಭೂಮಿ ಹೋಯಿತು, ಶಾಲೆ ಇರಲಿಲ್ಲ, ನೇಮಕಾತಿಯ ಭಾಷೆ ನಮ್ಮದಾಗಿರಲಿಲ್ಲ. ಹಾಗೆ ಹೇಳಿದರೆ ಪರಿಹಾರವೂ ನಿಖರವಾಗುತ್ತದೆ. ಲೋಕಲ್ ಎಂಬ ಒಂದೇ ಶಬ್ದದ ಮೇಲೆ ಅದನ್ನೆಲ್ಲ ಹೇರಿದಾಗ ನಷ್ಟದ ಲೆಕ್ಕ ಮರೆಯಾಗಿ ಹುಟ್ಟಿನ ಲೆಕ್ಕ ಮುಂದೆ ಬರುತ್ತದೆ. ನೋವು ಮೈಯ ಯಾವ ಭಾಗದಲ್ಲಿದೆ ಎಂದು ತೋರಿಸುವುದಕ್ಕೆ ಬಂದ ಶಬ್ದ ಅದು. ಕಾನೂನು ಬರೆಯುವವರು ಅದರ ಆ ಮೊದಲ ಕೆಲಸವನ್ನು ನೆನಪಿಟ್ಟುಕೊಂಡರೆ, ಮುಂದಿನ ಮಸೂದೆಯ ಮೊದಲ ಪ್ರಶ್ನೆ ‘ನೀನು ಎಲ್ಲಿಯವನು’ ಎಂಬುದರ ಬದಲು ‘ನೋವು ಎಲ್ಲಿದೆ’ ಎಂಬುದಾದೀತು.